ಇಬ್ಬರ ಕೋಣೆಗೆ ಬಂದ ಅಜ್ಜಿಯವರು

ನಿವೃತ್ತರ ಅನುಭವ ಎಂದರೆ ಓದುವವರು ತಕ್ಷಣ ಒಂದು ಬಿಳಿ ತಲೆ, ಒಂದು ಊರುಗೋಲು, ಒಂದು ಆರಾಮಕುರ್ಚಿ ಕಲ್ಪಿಸಿಕೊಳ್ಳುತ್ತಾರೆ. ಕ್ಷಮಿಸಬೇಕು, ನನ್ನ ಬಳಿ ಮೂರೂ ಇಲ್ಲ. ನನಗೆ ಇಪ್ಪತ್ತೆಂಟು. ಶಿವನಸಮುದ್ರದ ಜಲಪಾತದ ಮೇಲುದಂಡೆಯಲ್ಲಿದ್ದ ಹೊಳೆನೋಟ ಹೋಟೆಲಿನಲ್ಲಿ ಒಂಬತ್ತು ವರ್ಷ ಕೋಣೆ ಗುಮಾಸ್ತನಾಗಿದ್ದೆ. ಈ ಆಗಸ್ಟಿನಲ್ಲಿ ಸಾಹುಕಾರರು ಹೋಟೆಲನ್ನು ಮುಚ್ಚಿದರು. ದೇಶಕ್ಕೂ ನನಗೂ ಒಂದೇ ತಿಂಗಳಲ್ಲಿ ಬಿಡುಗಡೆ. ಪೆಟ್ಟಿಗೆ ಹೊತ್ತು ಮಂಡ್ಯಕ್ಕೆ ಬಂದಾಗ ನಮ್ಮಪ್ಪ ತಮ್ಮ ಸೈಕಲ್ ಶಾಪಿನ ಬಾಗಿಲಲ್ಲೇ ನಿಂತು, "ಬಂದ್ರಾ, ಪಿಂಚಣಿ ಸಾಯೇಬ್ರು?" ಅಂದರು. ಅವರ ಬಾಯಿಂದ ಬಂದಮೇಲೆ ಅದು ಸರ್ಕಾರಿ ಆದೇಶವಿದ್ದ ಹಾಗೆ. ನಾನು ನಿವೃತ್ತನಾದೆ.

ಮದ್ದೂರಿನ ಇಬ್ಬರು ಹುಡುಗರು ಮೈಸೂರಿನ ಒಂದು ಹೋಟೆಲಿಗೆ ಸೇರಿದ್ದಾರೆ. ಹೋಗುವ ಮುಂಚೆ ಶಾಪಿಗೆ ಬಂದು, "ಅಣ್ಣ, ಮೊದ್ಲು ಏನ್ ಕಲೀಬೇಕು?" ಎಂದು ಕೇಳಿದರು. "ಎಣಿಸೋದು" ಅಂದೆ. ಇಬ್ಬರೂ ನಕ್ಕರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಬಂತು ಅನ್ನುವುದನ್ನು ಬಿಟ್ಟಿದ್ದೇನೆ. ಅದನ್ನು ನೆನಪಿಟ್ಟುಕೊಂಡವರು ಲೋಕದಲ್ಲಿ ನಾನೊಬ್ಬನೇ, ನನಗೂ ಈಗೀಗ ಅನುಮಾನ.

ನಮ್ಮಲ್ಲಿ ಹನ್ನೆರಡು ಕೋಣೆಗಳಿದ್ದವು. ಪ್ರತಿ ಬಾಗಿಲಿನ ಹಿಂದೆ ಒಂದು ಹಲಗೆ: "ಒಂದು ಕೋಣೆಗೆ ಇಬ್ಬರು ಮಾತ್ರ." ಆ 'ಮಾತ್ರ'ದ ಕೆಳಗೆ ಮ್ಯಾನೇಜರ್ ವರದಾಚಾರ್ಯರು ಸ್ವಹಸ್ತದಿಂದ ಕೆಂಪು ಗೆರೆ ಎಳೆದಿದ್ದರು. ಕಾರಣ ನೀರು. ಕಿಟಕಿ ತೆರೆದರೆ ಇಡೀ ಕಾವೇರಿ ಬೀಳುವುದು ಕಾಣುತ್ತಿತ್ತು, ನಲ್ಲಿ ತಿರುಗಿಸಿದರೆ ಮಾತ್ರ ಕೆಮ್ಮುತ್ತಿತ್ತು. ಇಬ್ಬರ ಸ್ನಾನಕ್ಕೆ ಆಗುವಷ್ಟು ನೀರು ಬಂದರೆ ಅವತ್ತು ನಮಗೆ ಹಬ್ಬ.

ಆಚಾರ್ಯರು ಎತ್ತರ, ತೆಳು, ಇಸ್ತ್ರಿ ಮಾಡಿದ ಕೊಡೆಯ ಹಾಗೆ. ಪ್ರತಿ ಮಾತನ್ನೂ "ವಿಷಯ ಏನಪ್ಪಾ ಅಂದ್ರೆ" ಎಂದು ಶುರುಮಾಡಿ, ಕೊನೆಗೆ ಒಮ್ಮೆ ಮೂಗು ಎಳೆದು ಮುಗಿಸುತ್ತಿದ್ದರು. ನನಗೋ ಹುಟ್ಟಿದಾಗಿನಿಂದ ಒಂದು ಕಾಯಿಲೆ. ಯಾರ ಮಾತು ಕಿವಿಗೆ ಬಿದ್ದರೂ ಅದು ಬಾಯಿಂದ ಹೊರಗೆ ಬರಬೇಕು. ಸೇರಿದ ವಾರದಲ್ಲೇ ಅಡಿಗೆಯವರ ಮುಂದೆ ಆಚಾರ್ಯರಾಗಿ ನಿಂತು ಬಂದೆ. ಮಂಡ್ಯದ ಬಸ್ ಏಜೆಂಟರಾದೆ, ಮಳವಳ್ಳಿಯ ಅಮಲ್ದಾರರಾದೆ, ಬೀಳುವ ನೀರೂ ಆದೆ. ನನ್ನ ಹಾಗೆ ಮಾತಾಡು ಅಂದರೆ ಮಾತ್ರ ತಡವರಿಸುತ್ತಿದ್ದೆ, ಅದನ್ನು ಯಾರೂ ಕೇಳಿಯೂ ಇರಲಿಲ್ಲ.

ಮೊದಲ ಪಾಠ ಆಚಾರ್ಯರದೇ. "ವಿಷಯ ಏನಪ್ಪಾ ಅಂದ್ರೆ, ಬೋರೇಗೌಡ, ಮುಖ ಎಣಿಸಬೇಡ. ಮುಖಾನ ಬಾಗಿಲ ಹಿಂದೆ ಬಚ್ಚಿಡ್ತಾರೆ. ಬಾಯಿ ಎಣಿಸಬೇಡ. ಒಂದು ಕಾಫೀನ ಮೂರು ಜನ ಕುಡೀತಾರೆ. ಚಪ್ಪಲಿ ಎಣಿಸು. ಚಪ್ಪಲೀನ ಯಾರೂ ಕೋಣೆ ಒಳಗೆ ತಗೊಂಡು ಹೋಗಲ್ಲ." ಮೂಗು ಎಳೆತ.

ಅದು ನಿಜಕ್ಕೂ ದೊಡ್ಡ ವಿದ್ಯೆ. ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ತಾವೂ ಹೆಂಡತಿಯೂ ಎಂದು ಬರೆಸಿದರು. ಸಂಜೆ ನೋಡಿದರೆ ಬಾಗಿಲ ಮುಂದೆ ಐದು ಜೊತೆ. "ಇದೇನು ಯಜಮಾನ್ರೆ?" ಅಂದೆ. "ಮಳೆಗಾಲ ಕಣಯ್ಯ, ನೆಂದ್ರೆ ಬದ್ಲಾಯ್ಸೋಕೆ" ಅಂದರು. ಅದರಲ್ಲಿ ಒಂದು ಜೊತೆ ಅಂಗೈಯಷ್ಟು ಉದ್ದ. "ಇದು ನಿಮ್ಗೆ ಯಾವ ಬೆರಳಿಗೆ?" ಅಂದೆ. ಒಳಗಿನಿಂದ ಮೂರು ಮಕ್ಕಳು ಒಟ್ಟಿಗೆ ನಕ್ಕವು.

ಇನ್ನೊಬ್ಬ ಹೊಳಲಿನ ಹೊಸ ಮದುಮಗ. ಅವನು ಸುಳ್ಳು ಬರೆಸಿರಲಿಲ್ಲ, ಗಂಡ ಹೆಂಡತಿ ಇಬ್ಬರೇ ಎಂದು ಪಾಪ ಅವನೂ ನಂಬಿದ್ದ. ನಮ್ಮ ಕಡೆ ಹೊಸ ಹೆಣ್ಣು ಮೊದಲ ಸಲ ಹೊರಗೆ ಹೋದರೆ ಜೊತೆಗೆ ಒಬ್ಬ ಹಿರಿಯ ಹೆಂಗಸು ಹೋಗುತ್ತಾಳೆ. ಹಾಗೆ ಸೋದರತ್ತೆ ಬಂದಿದ್ದಳು. ಅತ್ತೆ ಮಂಚ ಹಿಡಿದಳು, ಹುಡುಗಿ ಅತ್ತೆಯ ಸೆರಗು ಹಿಡಿದಳು, ಮದುಮಗ ಜಗಲಿಯ ಕುರ್ಚಿ ಹಿಡಿದ. ಬೆಳಿಗ್ಗೆ, "ಹೆಂಗಿತ್ತು ನೋಟ?" ಅಂದೆ. "ಒಳೆ ಚೆನ್ನಾಗಿತ್ತು" ಅಂದ, ನನ್ನ ಮುಖ ನೋಡದೆ. ಅದಕ್ಕೇ ಹುಡುಗರಿಗೆ ಹೇಳುವುದು: ಎಷ್ಟು ಜನ ಎಂದು ಕೇಳಬೇಡಿ. ಯಾರ ಜೊತೆ ಯಾರು ಬರುತ್ತಾರೆ ಎಂದು ಕೇಳಿ.

ಆ ಅತ್ತೆಯ ವಿಷಯವನ್ನು ನಾನು ಆಚಾರ್ಯರಿಗೆ ಹೇಳಲಿಲ್ಲ. ಆದರೆ ಅತ್ತೆಗೆ ಕಾಫಿ ಬೇಕಿತ್ತು, ಅಡಿಗೆಮನೆಯವರು ಕೋಣೆಗೆ ಎರಡರ ಮೇಲೆ ಒಂದು ಲೋಟವನ್ನೂ ಕೊಡುತ್ತಿರಲಿಲ್ಲ. ಆಫೀಸಿಗೂ ಅಡಿಗೆಮನೆಗೂ ನಡುವೆ ಒಂದು ಹಿಡಿ ತಿರುಗಿಸುವ ಫೋನಿತ್ತು. ತಿರುಗಿಸಿದೆ. ಗಂಟಲು ಸರಿಮಾಡಿಕೊಂಡು, "ವಿಷಯ ಏನಪ್ಪಾ ಅಂದ್ರೆ, ಎಂಟನೇ ಕೋಣೆಗೆ ಇನ್ನೊಂದು ಕಾಫಿ" ಎಂದು ಮೂಗು ಎಳೆದೆ. ಆ ಕಡೆಯಿಂದ ಅದೇ ದನಿ, ಅದೇ ಮೂಗು: "ವಿಷಯ ಏನಪ್ಪಾ ಅಂದ್ರೆ, ನಾನು ಅಡಿಗೆಮನೇಲೇ ಇದೀನಿ."

ಪ್ರತಿಧ್ವನಿ ಇರಬೇಕು ಎಂದು ಒಂದು ಕ್ಷಣ ಅಂದುಕೊಂಡೆ. ಆಸೆಗೆ ಮಿತಿ ಎಲ್ಲಿದೆ.

ಆಚಾರ್ಯರು ಕೂಗಾಡಲಿಲ್ಲ. ಆಫೀಸಿಗೆ ಬಂದು, ಕನ್ನಡಕ ಒರೆಸಿಕೊಂಡು, "ಮೂಗು ಎಳೆಯೋದು ಚೆನ್ನಾಗಿ ಬಂದಿದೆ" ಅಂದರು. "ಆದ್ರೆ ಇನ್ನೊಂದು ಸಲ ಪುಸ್ತಕದಲ್ಲಿರೋದಕ್ಕೂ ಕೋಣೇಲಿರೋದಕ್ಕೂ ಒಂದೇ ಒಂದು ತಲೆ ವ್ಯತ್ಯಾಸ ಬರ್ಲಿ, ನಿನ್ನ ಪೆಟ್ಟಿಗೆ ಮಳವಳ್ಳಿ ಬಸ್ಸಿನ ಮೇಲಿರುತ್ತೆ." ಅವರು ಹೇಳಿದ್ದನ್ನು ಮಾಡುವವರು. ನನಗಿಂತ ಮುಂಚಿನ ಗುಮಾಸ್ತನ ಪೆಟ್ಟಿಗೆ ಹೋದದ್ದನ್ನು ಅಡಿಗೆಯವರು ಕಣ್ಣಾರೆ ನೋಡಿದ್ದರು.

ಮುಂದೆ ರೇಷನ್ ಬಂದಮೇಲೆ ಎಣಿಕೆಯ ವಿಧಾನವೇ ಬದಲಾಯಿತು. ಅಕ್ಕಿ ಅಳೆದು ಕೊಡುವಾಗ ಜನ ತಾವಾಗಿಯೇ ತಲೆ ತೋರಿಸುತ್ತಿದ್ದರು, ಇಲ್ಲದ ತಲೆಯನ್ನೂ ತೋರಿಸುತ್ತಿದ್ದರು. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಮುಂಚಿನದು. ಯುದ್ಧ ಇನ್ನೂ ರೇಡಿಯೋದೊಳಗೆ ಮಾತ್ರ ಇತ್ತು. ಹೊಳೆ ತುಂಬಿತ್ತು. ಒಂದು ಕಾಗದ ಬಂತು.

"ಮಾನ್ಯರೆ, ನಾನು ಮತ್ತು ನಮ್ಮ ಅಜ್ಜಿಯವರು ಬರುವ ಶನಿವಾರ ರಾತ್ರಿ ತಮ್ಮಲ್ಲಿ ತಂಗಲು, ವಿದ್ಯುದ್ದೀಪವಿರುವ ಒಂದು ಕೋಣೆಯನ್ನು ಕಾದಿರಿಸಬೇಕಾಗಿ ಪ್ರಾರ್ಥನೆ. ಇತಿ, ಪುಟ್ಟಸ್ವಾಮಿ, ಉಪಾಧ್ಯಾಯ, ಬೆಸಗರಹಳ್ಳಿ."

ಇದನ್ನು ನಮ್ಮ ಕರೆಂಟು ಮೆಕ್ಯಾನಿಕ್ ಅಬ್ದುಲ್ ಸಾಬರಿಗೆ ಮೇಷ್ಟ್ರ ದನಿಯಲ್ಲಿ ಓದಿ ತೋರಿಸಿದೆ. ಸಾಬರು ಮಳವಳ್ಳಿಯವರು, ಮಾತು ಕಡಿಮೆ, ಬೀಡಿ ಜಾಸ್ತಿ. "ನೋಡಿ ಸಾಬ್ರೆ, ನಾವು ಅಜ್ಜೀನ 'ಏ ಅಜ್ಜಿ' ಅಂತೀವಿ. ಈ ಮೇಷ್ಟ್ರು 'ಅಜ್ಜಿಯವರು' ಅಂತಾರೆ. ಏನ್ ಮರ್ಯಾದೆ!" ಅಂದೆ. ಖುಷಿಯಾಗಿ ಹೊಳೆಯ ಕಡೆಯ ನಾಲ್ಕನೇ ಕೋಣೆಯನ್ನೇ ಹಾಕಿದೆ. ಪುಸ್ತಕದಲ್ಲಿ ಬರೆದೆ: ಇಬ್ಬರು.

ಶನಿವಾರ ಸಂಜೆಯ ಬಸ್ಸು ಬಂತು. ಕೊಡೆ ಹಿಡಿದ ಒಬ್ಬ ತೆಳುವಾದ ಮೇಷ್ಟ್ರು ಇಳಿದರು. ಹಿಂದೆ ಒಬ್ಬ ಅಜ್ಜಿ. ಕೈಮುಗಿದು ಮುಂದೆ ಹೋದೆ. ಅವಳ ಹಿಂದೆ ಇನ್ನೊಬ್ಬಳು. ಮೂರರವರೆಗೆ ನಾನು ನಗುತ್ತಲೇ ಇದ್ದೆ. ಐದನೆಯವಳು ಇಳಿದಾಗ ನಗು ನಿಂತಿತು. ಏಳನೆಯವಳನ್ನು ಇಬ್ಬರು ಕೈಹಿಡಿದು ಇಳಿಸಿದರು. ಬಸ್ಸು ಹಗುರಾಗಿ, ಹೊಗೆ ಬಿಟ್ಟು, ತಿರುಗಿ ಹೋಯಿತು. ಇನ್ನು ಬೆಳಿಗ್ಗೆಯೇ ಬಸ್ಸು.

"ಮೇಷ್ಟ್ರೆ, ಇವರೆಲ್ಲ ಯಾರು?"

"ನಮ್ಮ ಅಜ್ಜಿಯವರು."

"ಎಲ್ಲಾರೂನಾ?"

"ಎಲ್ಲಾರೂ. ಬರೆದಿದ್ನಲ್ಲ, ಬಹುವಚನದಲ್ಲಿ."

"ಅದು ಗೌರವದ ಬಹುವಚನ ಅಂದ್ಕೊಂಡೆ!"

"ಗೌರವಾನೂ ಇದೆ" ಅಂದರು ಮೇಷ್ಟ್ರು, ತಪ್ಪು ತಿದ್ದುವವರ ಹಾಗೆ.

ಅವರ ಸ್ವಂತ ಅಜ್ಜಿ ಮುಂದೆ ನಿಂತಿದ್ದವಳು, ಚೌಡಮ್ಮ. ಗಟ್ಟಿ ಮೈ, ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕಿ, ನನ್ನನ್ನು ಸಂತೆಯಲ್ಲಿ ಎಳೆಗರು ನೋಡಿದ ಹಾಗೆ ನೋಡಿದಳು.

"ಅಜ್ಜಿ, ಕೋಣೆಗೆ ಇಬ್ಬರೇ" ಅಂದೆ.

"ಯಾಕ್ಲಾ, ಸಣ್ ಕ್ವಾಣೆಯಾ?"

"ಕೋಣೆ ದೊಡ್ಡದೇ. ರೂಲ್ಸು."

"ಆ ರೂಲ್ಸು ಎಷ್ಟು ಜಾಗ ಇಡೀತದೆ? ಅದುನ್ನ ಈಚ್ಗಿಟ್ಟು ನಮ್ಮುನ್ನ ಒಳಕ್ ಬುಡು."

ಉಳಿದವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ನಗಲಿಲ್ಲ. ನನ್ನ ಕಣ್ಣಮುಂದೆ ನನ್ನ ಪೆಟ್ಟಿಗೆ ಬಸ್ಸಿನ ಮೇಲೆ ಕೂತಿತ್ತು. ಅರ್ಧ ಮೈಲಿಯಲ್ಲಿ ಛತ್ರವಿದೆ, ಆರು ಜನರನ್ನು ಅಲ್ಲಿಗೆ ಬಿಟ್ಟು ಬರುತ್ತೇನೆ ಎಂದೆ. ಮೇಷ್ಟ್ರ ಮುಖ ಸಣ್ಣದಾಯಿತು. "ಛತ್ರದಲ್ಲಿ ಕರೆಂಟು ಇಲ್ಲವಲ್ಲ" ಅಂದರು.

ಹೋಟೆಲಿಗೆ ಹೋಗುವ ದಾರಿ ಕಾಲುವೆಯ ಏರಿಯ ಮೇಲೆ. ಹೊಳೆಯ ನೀರನ್ನು ಪವರ್ ಹೌಸಿಗೆ ಒಯ್ಯುವ ಕಾಲುವೆ ಅದು. ಚೌಡಮ್ಮ ಅಲ್ಲಿ ನಿಂತುಬಿಟ್ಟಳು. ಏಳು ಜನವೂ ನಿಂತರು. ಎದುರಿಗೆ ಜಲಪಾತದ ಹನಿ ಆಕಾಶಕ್ಕೆ ಏಳುತ್ತಿತ್ತು. ನಾನು ರೂಢಿಯಂತೆ ಅತ್ತ ಕೈತೋರಿಸಿದೆ. ಒಬ್ಬಳೂ ಅತ್ತ ನೋಡಲಿಲ್ಲ.

"ಅದು ಆವಾಗ್ಲೂ ಇತ್ತು ಕಣ್ಲಾ. ದೇವ್ರು ಮಾಡುದ್ದು" ಅಂದಳು ಚೌಡಮ್ಮ. ಕಾಲುವೆಯನ್ನು ತೋರಿಸಿದಳು. "ಇದು ಇರ್ಲಿಲ್ಲ. ಇದು ನಾವ್ ಮಾಡುದ್ದು."

ನಲವತ್ತು ವರ್ಷದ ಹಿಂದೆ, ಹದಿನಾರು ಹದಿನೇಳರ ಹುಡುಗಿಯರಾಗಿದ್ದಾಗ, ಈ ಏಳು ಜನ ಒಂದೇ ಗ್ಯಾಂಗಿನಲ್ಲಿ ಇಲ್ಲಿ ಮಣ್ಣು ಹೊತ್ತಿದ್ದರು. ಒಬ್ಬಳು ಮಂಕರಿ ತುಂಬಿದರೆ ಮುಂದಿನವಳ ತಲೆಗೆ, ಅವಳಿಂದ ಅದರ ಮುಂದಿನವಳ ತಲೆಗೆ. ಸಾಲಿನ ಕೊನೆಯವಳು ಕಾಳಮ್ಮ, ಏರಿಯ ಮೇಲೆ ನಿಂತು ಸುರಿಯುವವಳು. ಈಗ ಕೈಹಿಡಿದು ಇಳಿಸಿದ್ದು ಅವಳನ್ನೇ.

"ಈ ನೀರ್ನಲ್ಲಿ ದೀಪ ಅತ್ತುಸ್ತಾರೆ ಅಂದ್ರು" ಎಂದಳು ಚೌಡಮ್ಮ. "ಕೋಲಾರುಕ್ಕೋಯ್ತು, ಬೆಂಗ್ಳೂರ್ಗೋಯ್ತು, ಮೈಸೂರ್ಗೋಯ್ತು. ನಮ್ಮಟ್ಟೀಗೆ ಬರೋಕೆ ಇನ್ನೂ ದಾರಿ ಗೊತ್ತಾಗಿಲ್ಲ."

"ಮದ್ದೂರಲ್ಲಿ ನೋಡಿಲ್ವಾ ಅಜ್ಜಿ?"

"ಬೀದೀಲಿ ನೋಡಿವ್ನಿ. ಬೀದಿ ದೀಪ ಯಾರ್ದು? ನಮ್ ಕೈಯಾರೆ ಅತ್ಸಿ, ಅದ್ರ ಕೆಳ್ಗೆ ಏಳು ಜನಾನೂ ಉಂಡು ಮಲಗ್ಬೇಕು. ಒಂದ್ ರಾತ್ರಿ. ಆಮ್ಯಾಕೆ ಅಂದ್ರೆ ಆಗಕ್ಕಿಲ್ಲ. ಕಾಳಿ ಕಣ್ಣು ಮಂಜಾಯ್ತಾ ಐತೆ. ಮುಂದಿನ್ ವರ್ಸುಕ್ಕೆ ಇವ್ಳ್ಗೆ ದೀಪಾನೂ ಒಂದೇ, ಕತ್ಲೂ ಒಂದೇ."

ಕಾಳಮ್ಮ ನೀರಿನ ಸದ್ದಿಗೆ ಕಿವಿ ಕೊಟ್ಟು, ತನಗೆ ಗೊತ್ತಿಲ್ಲದೆ ಒಂದು ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು, ಮಂಕರಿ ಹಿಡಿದ ಹಾಗೆ.

ಆ ಹೊತ್ತಿಗೆ ಎರಡು ವರ್ಷ ನಾನು ಪ್ರವಾಸಿಗಳಿಗೆ ಜಲಪಾತವನ್ನು ವರ್ಣಿಸಿದ್ದೆ, ಅದೂ ಮೂರು ದನಿಗಳಲ್ಲಿ. ಕಾಲುವೆಯನ್ನು ಯಾರು ತೋಡಿದರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅದು ಹೊಳೆಯ ಮಗುವಿನ ಹಾಗೆ ತಾನೇ ಹುಟ್ಟಿದೆ ಎಂದುಕೊಂಡಿದ್ದೆ.

ಆಗ ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಹದಿನಾಲ್ಕು ಪಾದ. ಒಂದಕ್ಕೂ ಚಪ್ಪಲಿ ಇಲ್ಲ.

"ಒಳಗೆ ನಡೀರಿ" ಅಂದೆ. "ಆದ್ರೆ ಕೆಮ್ಮಂಗಿಲ್ಲ, ಜಗಳ ಆಡಂಗಿಲ್ಲ, ಜೋರಾಗಿ ಆಕಳಿಸಂಗಿಲ್ಲ."

"ಉಸ್ರಾಡ್ಬೋದಾ?" ಅಂದಳು ಚೌಡಮ್ಮ.

"ಸರದಿ ಮೇಲೆ."

ಮೇಷ್ಟ್ರು ತಾವು ಜಗಲಿಯಲ್ಲಿ ಮಲಗುತ್ತೇನೆ ಎಂದರು. ನಾನು ಅಜ್ಜಿಯರನ್ನು ಒಳಗೆ ಬಿಟ್ಟು ಬಾಗಿಲು ಹಾಕಿ, ಗೋಡೆಯ ಮೇಲಿನ ಸ್ವಿಚ್ಚು ತೋರಿಸಿದೆ. ಪಿಂಗಾಣಿಯ ಗುಂಡನೆಯ ಸ್ವಿಚ್ಚು, ಮಧ್ಯೆ ಒಂದು ಹಿತ್ತಾಳೆಯ ಮೂಗು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಚೌಡಮ್ಮ ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಹಾಲಿನ ಪಾತ್ರೆಯ ಕೆನೆ ಮುಟ್ಟುವವಳ ಹಾಗೆ ಒತ್ತಿದಳು.

ಟಕ್.

ಏಳು ಜನವೂ ಒಟ್ಟಿಗೆ ಕೈಮುಗಿದರು. ದೀಪ ಹತ್ತಿದೊಡನೆ ಕೈಮುಗಿಯುವುದು ಎಲ್ಲರ ಮನೆಯ ಪದ್ಧತಿ. ನಾನೂ ಚಿಕ್ಕವನಿದ್ದಾಗ ಮುಗಿದವನೇ. ಹೋಟೆಲಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಟಕ್ ಅನ್ನಿಸುತ್ತಿದ್ದೆ, ಕೈ ಜೇಬಿನಲ್ಲೇ ಇರುತ್ತಿತ್ತು. ಅವತ್ತು ಹೊರಗೆ ಬಂತು.

ಹೊರಗೆ ಹೊಳೆಯ ಮೊರೆತ, ಒಳಗೆ ಇಪ್ಪತ್ತೈದು ಕ್ಯಾಂಡಲಿನ ಹಳದಿ ಬಲ್ಬು. ಚೌಡಮ್ಮ ಮೆಲ್ಲಗೆ ಕೇಳಿದಳು: "ಅಲ್ಲಿ ಅಷ್ಟ್ ಕೂಗಾಡೋ ನೀರು, ಇಲ್ಲಿ ಬಂದು ಇಷ್ಟ್ ತಣ್ಗೆ ಕುಂತ್ಕಂಡದಾ?"

ಒಬ್ಬೊಬ್ಬರೂ ಸರದಿಯಲ್ಲಿ ಒತ್ತಿದರು. ಕಾಳಮ್ಮನ ಬೆರಳನ್ನು ಚೌಡಮ್ಮ ಹಿಡಿದು ಇಟ್ಟಳು. ಕಾಳಮ್ಮ ಬಲ್ಬಿನ ನೇರ ಕೆಳಗೆ ನಿಂತು ಮುಖ ಎತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಕಾಣ್ತದೇನೇ?"

"ಊಂ. ಅರಿಸಿಣದ್ ಕೈ ಒರ್ಸಿದಂಗೆ ಒಂದ್ ಕಲೆ" ಅಂದಳು ಕಾಳಮ್ಮ. ಆಮೇಲೆ ನಗಲು ನೋಡಿ, "ಸಾಕ್ ಬುಡು, ಅದೇ ಎಚ್ಚು" ಅಂದಳು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಆಚಾರ್ಯರ ಹೆಜ್ಜೆ ಕೇಳಿ ನಾನು ಹೊರಗೆ ಓಡಿದೆ. ಬಾಗಿಲ ಮುಂದೆ ಮೇಷ್ಟ್ರ ಒಂದೇ ಜೊತೆ ಚಪ್ಪಲಿ. "ಅಜ್ಜೀದು?" ಅಂದರು ಆಚಾರ್ಯರು. "ಬರಿಗಾಲು ಸಾರ್." ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರು. ಅವರು ಕಲಿಸಿದ ವಿದ್ಯೆಯಿಂದಲೇ ಅವರನ್ನು ಗೆದ್ದೆ ಎಂದು ಬೀಗಿದೆ. ಆ ಜಂಬ ಕಾಲು ಗಂಟೆ ಬಾಳಿತು.

ಒಳಗೆ ಅವರು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಉಂಡು ಕೈತೊಳೆದರು. ಚೌಡಮ್ಮ ಬಾಗಿಲು ಸಂದಿಯಿಂದ ನನ್ನನ್ನು ಕರೆದು, ಸಣ್ಣ ದನಿಯಲ್ಲಿ, "ಮಗ, ದೀಪ ದೊಡ್ಡದು ಮಾಡ್ಬುಡಪ್ಪ" ಅಂದಳು.

ಈಗ ಕೇಳಿ, ಹುಡುಗರೇ, ನನ್ನ ವೃತ್ತಿಜೀವನದ ಅತಿ ದೊಡ್ಡ ಮೂರ್ಖತನ. ನಮ್ಮ ಮನೆಗಳಲ್ಲಿ ದೀಪ ಆರಿಸು ಎಂದು ಯಾರೂ ಹೇಳುವುದಿಲ್ಲ, ಅದು ಅಶುಭ. ಆರಿಸು ಅನ್ನುವುದಕ್ಕೇ ದೊಡ್ಡದು ಮಾಡು ಅನ್ನುತ್ತಾರೆ. ನಮ್ಮವ್ವ ಪ್ರತಿ ರಾತ್ರಿ ಅಂದಿದ್ದಾಳೆ, ನಾನು ಪ್ರತಿ ರಾತ್ರಿ ಬುಡ್ಡಿ ಊದಿದ್ದೇನೆ. ಆದರೆ ಹೋಟೆಲಿನಲ್ಲಿ ಎಲ್ಲರೂ 'ಆಫ್ ಮಾಡಿ' ಅನ್ನುವವರೇ. ಕೋಟು ಹಾಕಿಕೊಂಡ ದಿನ ನಾನು ಅವ್ವನ ಮಾತನ್ನು ಮೊಳೆಗೆ ನೇತುಹಾಕಿ ಬಂದಿದ್ದೆ. ಕಾಳಮ್ಮನಿಗೆ ಕಾಣದ ದೀಪ ನಮಗೂ ಸಾಕು, ಆರಿಸಿಬಿಡು ಎಂದು ಚೌಡಮ್ಮ, ಕೊನೆಯದಾಗಿ ತಾನೇ ಆರಿಸಲು ಮನಸ್ಸು ಬಾರದೆ, ಸೋತು ಹೇಳುತ್ತಿದ್ದಳು. ನನಗೆ ಕೇಳಿಸಿದ್ದು: ಕಾಳಮ್ಮನಿಗೆ ಕಾಣುತ್ತಿಲ್ಲ, ದೊಡ್ಡ ಬಲ್ಬು ಹಾಕು.

ಅಬ್ದುಲ್ ಸಾಬರ ಕೋಣೆಗೆ ಓಡಿದೆ. ಸಾಹುಕಾರರು ಬಂದಾಗ ಮಾತ್ರ ಊಟದ ಹಾಲಿಗೆ ಹಾಕಲು ಒಂದು ಇನ್ನೂರು ಕ್ಯಾಂಡಲಿನ ಬಲ್ಬಿತ್ತು. ಸಾಬರು ಅದನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮೊಟ್ಟೆಯ ಹಾಗೆ ಇಟ್ಟಿದ್ದರು.

"ದೊಡ್ಡ ಬಲ್ಬು ಬೇಕು ಸಾಬ್ರೆ."

"ಅರೆ, ಯಾರ್ ಹೇಳಿದ್ದು?"

"ವಿಷಯ ಏನಪ್ಪಾ ಅಂದ್ರೆ..." ಎಂದು ಶುರುಮಾಡಿದೆ.

"ನಕಲಿ ಬ್ಯಾಡ ಕಣ್ಲಾ" ಅಂದರು ಸಾಬರು. "ಅಸಲಿ ಮಾತಾಡು."

ನನ್ನ ದನಿಯಲ್ಲಿ ಹೇಳಿದೆ. ಕಾಲುವೆ, ಮಂಕರಿ, ಕಾಳಮ್ಮನ ಕಣ್ಣು, ಅರಿಸಿಣದ ಕಲೆ. ತಡವರಿಸಿಕೊಂಡೇ ಹೇಳಿದೆ. ಸಾಬರು ಬೀಡಿ ಆರಿಸಿ ಪೆಟ್ಟಿಗೆ ಎತ್ತಿಕೊಂಡರು. "ಏಣಿ ತಗೊ" ಅಂದರು, ಅಷ್ಟೇ.

ಕೋಣೆಗೆ ಹೋಗಿ ಸ್ವಿಚ್ಚು ಆಫ್ ಮಾಡಿ, ಕತ್ತಲಲ್ಲೇ ಏಣಿ ಹತ್ತಿದರು. ತನ್ನ ಮಾತು ನಡೆಯಿತು ಎಂದು ಚೌಡಮ್ಮ, "ಆಯ್ತು, ಮಲೀಕಳ್ರಮ್ಮಿ" ಅಂದಳು. ಚಾಪೆಗಳು ಸರಿದಾಡಿದವು. ಮೇಲಿನಿಂದ ಸಾಬರು, "ಕಣ್ಣು ಮುಚ್ಕೊಳ್ಳಿ ತಾಯಂದ್ರಾ" ಎಂದರು. ನಾನು ಒತ್ತಿದೆ.

ಆ ಬೆಳಕನ್ನು ಹೇಗೆ ಹೇಳಲಿ. ಬಿಳಿ. ಗೋಡೆ ಹಿಂದಕ್ಕೆ ಸರಿಯಿತು. ಮೂಲೆ ಎಂಬುದೇ ಉಳಿಯಲಿಲ್ಲ. ಸೀರೆಯ ಒಂದೊಂದು ಎಳೆ, ಕೈಯ ಒಂದೊಂದು ಗೆರೆ ಎದ್ದು ನಿಂತಿತು.

"ಅಯ್ಯಯ್ಯಪ್ಪೋ!" ಎಂದು ಚೌಡಮ್ಮ ಎದ್ದು ಕೂತಳು. "ದೊಡ್ಡದು ಮಾಡ್ಲಾ ಅಂದ್ರೆ ದಿಟ್ವಾಗ್ಲೂ ದೊಡ್ಡದು ಮಾಡವ್ನಲ್ಲೇ ಈ ಮೂದೇವಿ!"

ಆಗ ನನಗೆ ಅರ್ಥವಾಯಿತು. ಕಿವಿಯ ತುದಿಯವರೆಗೂ ಬಿಸಿಯಾಯಿತು. ಸಾಬರು ಏಣಿಯ ಮೇಲಿಂದ ನನ್ನನ್ನು ನೋಡಿದ ನೋಟವನ್ನು ಬರೆಯದಿರುವುದೇ ಮೇಲು.

"ಸುಮ್ಕಿರೇ ಚೌಡಿ" ಅಂತ ಒಂದು ದನಿ. ಕಾಳಮ್ಮ ಎದ್ದು ನಿಂತಿದ್ದಳು. ಕೈ ಮುಂದೆ ಚಾಚಿ, ಎರಡು ಹೆಜ್ಜೆ ಬಂದು, ಚೌಡಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಒಂದು. ಎರ್ಡು. ಮೂರು. ಅಚ್ಚೆ ಚುಕ್ಕೆ ಇನ್ನೂ ಅವಲ್ಲೇ! ಮುಖ ಮಾತ್ರ ಓಗ್ಬುಟ್ಟದೆ."

"ನಿಂದೇನ್ ಉಳ್ದದೆ, ಕಾಳಿ?" ಅಂದಳು ಚೌಡಮ್ಮ. ದನಿ ಒಡೆದಿತ್ತು.

ಕಾಳಮ್ಮ ಮುಂದಿನವಳ ಗಲ್ಲ ಹಿಡಿದಳು. ಆಮೇಲೆ ಅದರ ಮುಂದಿನವಳದು. ಮಂಕರಿ ದಾಟಿಸುತ್ತಿದ್ದ ಸಾಲಿನ ಕ್ರಮದಲ್ಲೇ ಒಬ್ಬೊಬ್ಬರ ಹೆಸರು ಹೇಳಿ, ಮುಖ ನೋಡುತ್ತಾ ಹೋದಳು. ಹಗಲಲ್ಲಿ ಇವರಿಗೆ ಹೊಲ, ರಾತ್ರಿ ಬುಡ್ಡಿಯ ಮಿಣುಕು. ನಲವತ್ತು ವರ್ಷದಿಂದ ಏಳು ಜನವೂ ಸುಮ್ಮನೆ ಕೂತು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸಾಬರು ಏಣಿಯ ಮೇಲೆಯೇ ಇದ್ದರು, ಇಳಿಯುವುದು ಮರೆತಿತ್ತು. ಜಗಲಿಯಿಂದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆ ಇನ್ನೊಬ್ಬರು ನಿಂತಿದ್ದರು, ಎತ್ತರಕ್ಕೆ, ತೆಳ್ಳಗೆ.

ಅಷ್ಟು ಬೆಳಕು ಕಿಟಕಿಯಿಂದ ಅಂಗಳಕ್ಕೆ ಸುರಿದರೆ ಯಾವ ಮ್ಯಾನೇಜರು ಬರುವುದಿಲ್ಲ?

ಆಚಾರ್ಯರು ಒಳಗೆ ಬಂದರು. ಬೆರಳು ತೋರಿಸಿ ಎಣಿಸಿದರು. ಏಳು. ನನ್ನ ಕಡೆ ತಿರುಗಿದರು. "ವಿಷಯ ಏನಪ್ಪಾ ಅಂದ್ರೆ" ಎಂದರು. ನಾನು ಸಾಬರ ಏಣಿಯ ಹಿಂದೆ ಸರಿದೆ.

"ಇದ್ಯಾರು ಒಸಬ್ರು?" ಅಂದಳು ಕಾಳಮ್ಮ. "ಬೆಳಕ್ಗೆ ಬಾಪ್ಪ." ಅನ್ನುತ್ತಲೇ ಅವರ ಗಲ್ಲ ಹಿಡಿದಳು.

ನಾವೆಲ್ಲ ಕಲ್ಲಾದೆವು. ಆಚಾರ್ಯರು ಮಡಿಯ ಮನುಷ್ಯರು. ಕಾಫಿ ಲೋಟವನ್ನು ನಾವು ಮೇಜಿನ ಮೇಲಿಟ್ಟು ದೂರ ಸರಿದ ಮೇಲೆ ಎತ್ತಿಕೊಳ್ಳುವವರು. ಅವರು ಹಿಂದೆ ಸರಿಯಲಿಲ್ಲ. ಅವಳು ಕುಳ್ಳಿ, ಅವರು ಬಗ್ಗಿದರು.

"ಮೂಗು ಸಂಪಂಗಿ ಮೊಗ್ಗಿದ್ದಂಗೈತೆ" ಅಂದಳು ಕಾಳಮ್ಮ ತೃಪ್ತಿಯಿಂದ. ಆರು ಜನ ಕಿಸಕ್ಕನೆ ನಕ್ಕರು. ಆ ಮೂಗು, ನಾನು ಕಂಡ ಮೊದಲ ಸಲ, ಎಳೆಯುವುದನ್ನು ಮರೆಯಿತು.

ಮೇಷ್ಟ್ರು ತಡವರಿಸುತ್ತಾ ಎಲ್ಲವನ್ನೂ ಹೇಳಿದರು. ಕಾಲುವೆಯ ಮಾತು ಬಂದಾಗ ಆಚಾರ್ಯರು ಬಲ್ಬನ್ನು ನೋಡಿದರು, ಆಮೇಲೆ ಕಿಟಕಿಯಾಚೆ ನಮ್ಮ ಹೋಟೆಲಿನ ಸಾಲು ದೀಪಗಳನ್ನು. ಚೌಡಮ್ಮ ನನ್ನ ಕಡೆ ಬೆರಳು ಮಾಡಿ, "ತಪ್ಪು ನಮ್ದಲ್ಲ ಸ್ವಾಮೇರೆ, ದೀಪ ದೊಡ್ಡದು ಮಾಡು ಅಂದ್ರೆ ಏನೂಂತ ಇವ್ನಿಗ್ಗೊತ್ತಿಲ್ಲ. ಯಾವ್ ಸೀಮೆಯೋನು?" ಅಂದಳು.

"ಬೋರೇಗೌಡ," ಅಂದರು ಆಚಾರ್ಯರು, "ನಿಮ್ಮ ತಾಯಿ ಹೇಳಿಕೊಟ್ಟಿಲ್ವೆ?"

"ಹೇಳಿಕೊಟ್ಟಿದ್ರು ಸಾರ್. ಮರೆತೆ."

"ಹುಂ. ಪುಸ್ತಕ ತಗೊಂಡ್ ಬಾ."

ಪುಸ್ತಕ ತರುವಾಗ ದಾರಿಯಲ್ಲೇ ನನ್ನ ಪೆಟ್ಟಿಗೆಗೆ ಏನೇನು ತುಂಬಬೇಕು ಎಂದು ಲೆಕ್ಕ ಹಾಕಿದೆ. ಎರಡು ಅಂಗಿ, ಒಂದು ಕನ್ನಡಿ. ಆಚಾರ್ಯರು ನಿಂತಲ್ಲೇ ಪುಸ್ತಕ ತೆರೆದು, ನಾಲ್ಕನೇ ಕೋಣೆಯ ಎದುರು ನಾನು ಬರೆದಿದ್ದ 'ಇಬ್ಬರು' ಎಂಬುದನ್ನು ಹೊಡೆದುಹಾಕಿದರು. ಕೆಂಪು ಶಾಯಿಯಲ್ಲಿ ಬರೆದರು: "ಅತಿಥಿ ಒಬ್ಬರು. ಉಳಿದವರು ಮನೆಯವರು."

ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ಮನೆಯವರನ್ನ ಎಣಿಸೋ ಪದ್ಧತಿ ಇಲ್ಲ" ಎಂದರು. ಬಾಗಿಲವರೆಗೆ ಹೋಗಿ, ತಿರುಗದೆಯೇ, "ಬೆಳಿಗ್ಗೆ ಇವರಿಗೆ ಏಳು ಕಾಫಿ. ಫೋನ್ ನಾನೇ ಮಾಡ್ತೀನಿ" ಎಂದರು.

ಆ ರಾತ್ರಿ ದೀಪವನ್ನು ಯಾರೂ ದೊಡ್ಡದು ಮಾಡಲಿಲ್ಲ. ಅದಾಗಲೇ ಆಗಿತ್ತಲ್ಲ.

ಬೆಳಿಗ್ಗೆ ಸಾಬರು ಬಲ್ಬು ಬಿಚ್ಚಿಕೊಳ್ಳಲು ಬಂದರು. ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಮೇಲೆ ಬಲ್ಬು ಇನ್ನೂ ಉರಿಯುತ್ತಿತ್ತು. ಏಳು ಚಾಪೆಗಳನ್ನು ಅವರು ಆಗಲೇ ಸುತ್ತಿ ಒರಗಿಸಿದ್ದರು, ಕಾಫಿ ಕುಡಿದಾಗಿತ್ತು. ಸಾಬರು ಸ್ವಿಚ್ಚಿಗೆ ಕೈ ಹಾಕಿದರು. "ನಾನ್ ಮಾಡ್ತೀನಿ ತಡಿ" ಎಂದು ಚೌಡಮ್ಮ ಎದ್ದಳು. ಒತ್ತಿದಳು. ಬಲ್ಬು ಸುಮ್ಮನಾಯಿತು. ಅವಳು ಕೈ ತೆಗೆಯದೆ ನಿಂತೇ ಇದ್ದಳು. ಹೊರಗೆ ಹೊಳೆ ಕೂಗುತ್ತಲೇ ಇತ್ತು.

"ಸಾಬ್ರೆ, ಇಲ್ಲಿಗ್ ಬತ್ತಿದ್ದ ನೀರು ಈಗೆತ್ತಗೋಯ್ತು?"

ಸಾಬರು ಯೋಚಿಸಿದರು. "ನಿಲ್ಲಲ್ಲ ಕಣಮ್ಮ ಅದು. ಬೆಂಗ್ಳೂರ್ ಕಡೆ ಹೋಗಿರ್ತದೆ. ಅಲ್ಲಿ ಯಾರ್ದೋ ಮನೇಲಿ ಹತ್ತಿರ್ತದೆ."

ಚೌಡಮ್ಮ ಕಾಳಮ್ಮನ ಕೈಯನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ಹೊಸ್ತಿಲು ದಾಟಿದಳು.

"ಓಗ್ಲಿ ಬುಡಿ" ಅಂದಳು. "ಅಲ್ಲೂ ಒಬ್ಳು ಕಾಳಿ ಇರ್ತಾಳೆ. ಗೆಣತೀರ್ ಮುಖ ನೋಡ್ಕಳ್ಳಿ."